'ಫಾಸ್ಟ್' ಎಂಬ ಪದ: ವ್ಯುತ್ಪತ್ತಿ, ಪ್ರಯೋಗ, ಅರ್ಥನಿರ್ಣಯ

೧

ಇಂಗ್ಲಿಷಿನಲ್ಲಿ ವೇಗವನ್ನು ಸೂಚಿಸುವ ಪದಗಳಲ್ಲಿ 'ಫಾಸ್ಟ್' ಎಂಬುದು ಅತ್ಯಂತ ಪರಿಚಿತವಾದುದು. ಶಾಲೆಯ ಮೊದಲ ತರಗತಿಗಳಲ್ಲಿಯೇ ವಿದ್ಯಾರ್ಥಿ ಅದನ್ನು ಕಲಿಯುತ್ತಾನೆ. ಇಂಗ್ಲಿಷನ್ನು ಓದದವರ ಮಾತಿನಲ್ಲಿಯೂ 'ಫಾಸ್ಟಾಗಿ ಹೋದ' ಎಂಬಂಥ ಪ್ರಯೋಗ ಸಾಮಾನ್ಯವಾಗಿದೆ. ಇಷ್ಟು ಬಳಕೆಯ ಪದವನ್ನು ಕುರಿತು ವಿವೇಚಿಸುವ ಅಗತ್ಯವೇನು ಎಂದು ಕೆಲವರಿಗೆ ತೋರಬಹುದು. ಆದರೆ ಅಪರಿಚಿತ ಪದ ಎದುರಾದಾಗ ವಿದ್ಯಾರ್ಥಿ ನಿಘಂಟನ್ನು ತೆರೆಯುತ್ತಾನೆ. ಪರಿಚಿತ ಪದ ಎದುರಾದಾಗ ತೆರೆಯುವುದಿಲ್ಲ. ಅರ್ಥಗ್ರಹಣದ ದೋಷಗಳು ಅನೇಕ ವೇಳೆ ಪರಿಚಿತ ಪದಗಳಿಂದಲೇ ಒದಗುವುದಕ್ಕೆ ಇದೇ ಕಾರಣ.

ಒಂದು ಉದಾಹರಣೆಯನ್ನು ನೋಡಬಹುದು. ಷೇಕ್ಸ್‌ಪಿಯರನ 'ದಿ ಮರ್ಚೆಂಟ್ ಆಫ್ ವೆನಿಸ್' ನಾಟಕದ ಎರಡನೆಯ ಅಂಕದಲ್ಲಿ ಷೈಲಾಕ್ ಊಟಕ್ಕೆಂದು ಹೊರಗೆ ಹೊರಡುವಾಗ, ಮನೆಯ ಬಾಗಿಲುಗಳನ್ನು ಭದ್ರಪಡಿಸಿಕೊಳ್ಳುವಂತೆ ಮಗಳು ಜೆಸಿಕಾಳಿಗೆ ಆಜ್ಞಾಪಿಸಿ, ಒಂದು ಗಾದೆಯನ್ನು ಹೇಳುತ್ತಾನೆ. ಆ ಚಿಕ್ಕ ಗಾದೆಯಲ್ಲಿ 'ಫಾಸ್ಟ್' ಎಂಬ ಪದ ಎರಡು ಸಲ ಬರುತ್ತದೆ. ಬಿಗಿಯಾಗಿ ಕಟ್ಟಿಟ್ಟದ್ದು ಇಟ್ಟಲ್ಲಿಯೇ ಭದ್ರವಾಗಿ ಸಿಕ್ಕುತ್ತದೆ ಎಂಬುದು ಅದರ ತಾತ್ಪರ್ಯ. ಪದಕ್ಕೆ 'ವೇಗ' ಎಂಬ ಒಂದೇ ಅರ್ಥವನ್ನು ಬಲ್ಲ ವಿದ್ಯಾರ್ಥಿ ಇದನ್ನು 'ಬೇಗ ಕಟ್ಟು, ಬೇಗ ಸಿಕ್ಕುತ್ತದೆ' ಎಂದು ಗ್ರಹಿಸುತ್ತಾನೆ. ಇದರಿಂದ ಕೆಡುವುದು ಒಂದು ಪದದ ಅರ್ಥವಷ್ಟೇ ಅಲ್ಲ. ಅದೇ ರಾತ್ರಿ ಜೆಸಿಕಾ ತಂದೆಯ ಹಣದೊಡನೆ ಲೊರೆಂಜೊನ ಜೊತೆಗೆ ಓಡಿಹೋಗುತ್ತಾಳೆ. ಬಿಗಿದು ಕಟ್ಟುವುದರಲ್ಲಿಯೇ ನಂಬಿಕೆಯನ್ನಿಟ್ಟವನ ಕೈಯಿಂದ ಮಗಳೂ ಧನವೂ ಒಟ್ಟಿಗೆ ಜಾರಿಹೋದುವೆಂಬ ವಿಡಂಬನೆಗೆ ಆ ಗಾದೆಯೇ ಪೀಠಿಕೆ. ಪದದ ಅರ್ಥ ತಪ್ಪಿದರೆ ಸನ್ನಿವೇಶದ ಧ್ವನಿಯೂ ತಪ್ಪುತ್ತದೆ.

೧೬೧೧ರಲ್ಲಿ ಪ್ರಕಟವಾದ ಇಂಗ್ಲಿಷ್ ಬೈಬಲಿನ ರೂತಳ ಕಥೆಯಲ್ಲಿಯೂ ಇಂಥದೇ ಒಂದು ಪ್ರಯೋಗವಿದೆ. ಬೋವಜನು ರೂತಳಿಗೆ, ಬೇರೆಯವರ ಹೊಲಕ್ಕೆ ಹೋಗದೆ ತನ್ನ ಕೆಲಸದ ಹೆಣ್ಣುಮಕ್ಕಳ ಬಳಿಯಲ್ಲಿಯೇ ಇರುವಂತೆ ಹೇಳುವಾಗ ಬರುವ 'ಫಾಸ್ಟ್' ಸಾಮೀಪ್ಯವಾಚಿ. ಅಲ್ಲಿ ವೇಗಕ್ಕೆ ಎಡೆಯೇ ಇಲ್ಲ.

ಈ ಪದವನ್ನು ಕುರಿತು ಅಧ್ಯಾಪಕವರ್ಗದಲ್ಲಿ ಎರಡು ಅಭಿಪ್ರಾಯಗಳು ರೂಢಿಯಲ್ಲಿವೆ. 'ಚಲಿಸದಿರುವುದು' ಮತ್ತು 'ಶೀಘ್ರವಾಗಿ ಚಲಿಸುವುದು' ಎಂಬ ಪರಸ್ಪರ ವಿರುದ್ಧವಾದ ಅರ್ಥಗಳನ್ನು ಈ ಪದ ಧರಿಸಿರುವುದರಿಂದ ಇದು ಭಾಷೆಯ ಒಂದು ವಿಕಾರವೆಂಬುದು ಮೊದಲನೆಯದು. 'ದೃಢ' ಎಂಬುದೇ ಇದರ ನಿಜವಾದ ಅರ್ಥ, 'ವೇಗ' ಎಂಬುದು ತರುವಾಯ ಅಂಟಿಕೊಂಡ ಅಪಾರ್ಥ ಎಂಬುದು ಎರಡನೆಯದು. ಇವೆರಡೂ ಸಾಧುವಲ್ಲವೆಂದು ತೋರಿಸುವುದೂ, ಪದದ ಅರ್ಥವನ್ನು ನಿರ್ಣಯಿಸುವುದು ಅದರ ಸಹಚರ ಪದಗಳೆಂಬುದನ್ನು ಸ್ಥಾಪಿಸುವುದೂ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಪದದ ಚರಿತ್ರೆಯನ್ನು ಸಂಗ್ರಹವಾಗಿ ನೋಡೋಣ. ಪ್ರಾಚೀನ ಇಂಗ್ಲಿಷಿನಲ್ಲಿ 'ಫ್ಯಾಸ್ಟ್' ಎಂಬುದು ವಿಶೇಷಣ. ದೃಢ, ಸ್ಥಿರ, ಭದ್ರ ಎಂಬುದು ಅದರ ಅರ್ಥ. ಇದಕ್ಕೆ ಕೊನೆಯಲ್ಲಿ ಎಕಾರವನ್ನು ಸೇರಿಸಿ 'ಫ್ಯಾಸ್ಟೆ' ಎಂಬ ಕ್ರಿಯಾವಿಶೇಷಣವನ್ನು ಸಾಧಿಸುತ್ತಿದ್ದರು. ದೃಢವಾಗಿ, ಬಿಗಿಯಾಗಿ ಎಂದು ಅದರ ಅರ್ಥ. ಕಟ್ಟು, ಹಿಡಿ, ನಿಲ್ಲು, ಮುಚ್ಚು ಮೊದಲಾದ ಕ್ರಿಯೆಗಳೊಡನೆ ಇದು ಸಹಜವಾಗಿ ಸೇರುತ್ತಿತ್ತು. ಇಂದಿಗೂ ಬಳಕೆಯಲ್ಲಿರುವ 'ಹೋಲ್ಡ್ ಫಾಸ್ಟ್' (ಬಿಗಿಯಾಗಿ ಹಿಡಿ), 'ಸ್ಟ್ಯಾಂಡ್ ಫಾಸ್ಟ್' (ಕದಲದೆ ನಿಲ್ಲು) ಎಂಬ ನುಡಿಗಟ್ಟುಗಳು ಈ ಮೊದಲ ಅವಸ್ಥೆಯ ಅವಶೇಷಗಳು. 'ಸ್ಟೆಡ್‌ಫಾಸ್ಟ್' ಎಂಬ ಸಮಾಸದಲ್ಲಿಯೂ, ಕಟ್ಟು ಎಂಬರ್ಥದ 'ಫಾಸನ್' ಎಂಬ ಕ್ರಿಯಾಪದದಲ್ಲಿಯೂ ಇದೇ ಅರ್ಥ ಉಳಿದಿದೆ.

ಎರಡನೆಯ ಅವಸ್ಥೆಯಲ್ಲಿ ಕ್ರಿಯಾವಿಶೇಷಣದ ವ್ಯಾಪ್ತಿ ಹಿಗ್ಗಿತು. ಬಿಗಿಯಾಗಿ ಹಿಡಿಯುವವನು ಬಲವನ್ನು ಪ್ರಯೋಗಿಸುತ್ತಾನೆ. ಆದುದರಿಂದ ಬಿಗಿ ಎಂಬ ಭಾವದ ಮಗ್ಗುಲಲ್ಲಿಯೇ ಬಲ ಎಂಬ ಭಾವವಿದೆ. ಹೊಡೆದಾಡು, ದುಡಿ ಮೊದಲಾದ ಕ್ರಿಯೆಗಳೊಡನೆ ಸೇರಿದಾಗ ಈ ಪದ ಬಿಗಿಯನ್ನು ಬಿಟ್ಟು ತೀವ್ರತೆಯನ್ನು ಸೂಚಿಸತೊಡಗಿತು. ಓಡು ಎಂಬ ಕ್ರಿಯೆಯ ತೀವ್ರತೆಯಾದರೋ ವೇಗವಲ್ಲದೆ ಬೇರೆಯಲ್ಲ. ಬಲವಾಗಿ ಓಡುವುದೆಂದರೆ ವೇಗವಾಗಿ ಓಡುವುದೇ. ಇದಕ್ಕೆ ಪೋಷಕವಾದ ಮತ್ತೊಂದು ದಾರಿಯೂ ಇದ್ದಿರಬಹುದು. ಈ ಪದಕ್ಕೆ 'ಅತಿ ಸಮೀಪದಲ್ಲಿ' ಎಂಬ ಅರ್ಥವೂ ಇದ್ದುದನ್ನು ರೂತಳ ಕಥೆಯಲ್ಲಿ ಕಂಡೆವು. ಓಡುವವನ ಬೆನ್ನಿಗೆ ಅಂಟಿಕೊಂಡಂತೆ ಹಿಂಬಾಲಿಸುವವನು ವೇಗವಾಗಿ ಹೋಗಲೇಬೇಕು. ತೀವ್ರತೆ, ಸಾಮೀಪ್ಯ ಎಂಬ ಎರಡು ದಾರಿಗಳೂ ವೇಗಕ್ಕೆ ಬಂದು ಕೂಡುತ್ತವೆ.

ಇಲ್ಲಿ ಗಮನಿಸಬೇಕಾದ ಮುಖ್ಯಾಂಶ ಒಂದಿದೆ. ವೇಗದ ಅರ್ಥ ಮೊದಲು ಕಾಣಿಸಿಕೊಂಡುದು ಕ್ರಿಯಾವಿಶೇಷಣದಲ್ಲಿ. ಸುಮಾರು ೧೩ನೆಯ ಶತಮಾನದ ಹೊತ್ತಿಗೆ. ವಿಶೇಷಣಕ್ಕೆ ಆ ಅರ್ಥ ಬಂದುದು ೧೬ನೆಯ ಶತಮಾನದಲ್ಲಿ. ಎಂದರೆ, 'ವೇಗವಾಗಿ ಓಡಿದನು' ಎಂಬ ಪ್ರಯೋಗ ಹುಟ್ಟಿ ಸುಮಾರು ಮುನ್ನೂರು ವರ್ಷಗಳಾದ ಮೇಲೆ 'ವೇಗದ ಓಟಗಾರ' ಎಂಬ ಪ್ರಯೋಗ ಹುಟ್ಟಿತು. 'ದೃಢವಾದ ವಸ್ತು' ಎಂಬುದು ಒಂದೇ ನೆಗೆತದಲ್ಲಿ 'ವೇಗದ ವಸ್ತು' ಎಂದಾಗಲಿಲ್ಲ. ಕ್ರಿಯೆಯ ಸಂಗದಲ್ಲಿ ಅರ್ಥ ಮೆಲ್ಲಮೆಲ್ಲನೆ ಜರುಗಿ, ಅನಂತರ ವಿಶೇಷಣಕ್ಕೆ ಮರಳಿತು. ನಡುವಣ ಈ ಮೆಟ್ಟಿಲನ್ನು ಮರೆತು ಎರಡು ತುದಿಗಳನ್ನು ಮಾತ್ರ ನೋಡುವವರಿಗೆ ವಿರೋಧ ಕಾಣುತ್ತದೆ.

ಇದು ಒಂಟಿ ಪದದ ಆಕಸ್ಮಿಕ ಚರಿತ್ರೆಯಲ್ಲವೆಂಬುದಕ್ಕೆ 'ಹಾರ್ಡ್' ಎಂಬ ಪದ ಸಾಕ್ಷಿ. ಗಡುಸು ಎಂಬರ್ಥದ ಆ ಪದವೂ ಕ್ರಿಯೆಯೊಡನೆ ಸೇರಿದಾಗ ತೀವ್ರತೆಯನ್ನು ಹೇಳುತ್ತದೆ: 'ವರ್ಕ್ ಹಾರ್ಡ್' ಎಂದರೆ ಶ್ರಮಪಟ್ಟು ದುಡಿ, 'ರೇನ್ ಹಾರ್ಡ್' ಎಂದರೆ ಬಿರುಸಾಗಿ ಮಳೆ ಸುರಿ. 'ಹಾರ್ಡ್ ಬೈ' ಎಂದರೆ ತೀರ ಹತ್ತಿರ. 'ಫಾಸ್ಟ್ ಬೈ' ಎಂಬುದಕ್ಕೂ ಅದೇ ಅರ್ಥ. ಎರಡು ಪದಗಳೂ ಒಂದೇ ಹಾದಿಯನ್ನು ಹಿಡಿದಿವೆ. ಜರ್ಮನ್ ಭಾಷೆಯಲ್ಲಿ ಇದೇ ಮೂಲದ 'ಫೆಸ್ಟ್' ಎಂಬ ರೂಪ 'ದೃಢ' ಎಂಬ ಅರ್ಥವನ್ನು ಉಳಿಸಿಕೊಂಡಿದ್ದರೆ, 'ಫಾಸ್ಟ್' ಎಂಬ ರೂಪ 'ಬಹುಮಟ್ಟಿಗೆ' ಎಂಬ ಅರ್ಥಕ್ಕೆ ತಿರುಗಿದೆ. ಒಂದೇ ಮೂಲದ ಪದ ಒಂದು ಭಾಷೆಯಲ್ಲಿ ವೇಗವನ್ನೂ ಮತ್ತೊಂದರಲ್ಲಿ 'ಹೆಚ್ಚುಕಡಮೆ' ಎಂಬುದನ್ನೂ ಸೂಚಿಸುವಂತಾದುದು, ಮೂಲಾರ್ಥದಲ್ಲಿ ಮುಂದಿನ ಅರ್ಥ ನಿಯತವಾಗಿರುವುದಿಲ್ಲವೆಂಬುದಕ್ಕೆ ನಿದರ್ಶನ.

ಉಪವಾಸವೆಂಬ ಅರ್ಥದ 'ಫಾಸ್ಟ್' ಅನ್ನು ನಿಘಂಟುಗಳು ಬೇರೆ ಪದವಾಗಿ ದಾಖಲಿಸುವುದು ವಾಡಿಕೆ. ಮೂಲ ಮಾತ್ರ ಒಂದೇ. ನಿಯಮವನ್ನು ಬಿಗಿಯಾಗಿ ಪಾಲಿಸುವುದು, ಆಹಾರನಿಯಮವನ್ನು ಪಾಲಿಸುವುದು, ಆಹಾರವನ್ನು ಬಿಡುವುದು ಎಂಬುದು ಅರ್ಥಸಂಕೋಚದ ಕ್ರಮ. ಕನ್ನಡದಲ್ಲಿ 'ವ್ರತ ಹಿಡಿ' ಎನ್ನುವವರಿಗೆ ಹಿಡಿತಕ್ಕೂ ಉಪವಾಸಕ್ಕೂ ಇರುವ ಈ ಸಂಬಂಧ ವಿಚಿತ್ರವಾಗಿ ತೋರಲಾರದು. ರಾತ್ರಿಯ ನಿರಾಹಾರವನ್ನು ಮುರಿಯುವುದೇ 'ಬ್ರೆಕ್‌ಫಾಸ್ಟ್'. ೧೯೩೨ರ ಸೆಪ್ಟೆಂಬರಿನಲ್ಲಿ ಗಾಂಧೀಜಿಯವರು ಯೆರವಡ ಸೆರೆಮನೆಯಲ್ಲಿ ಕೈಗೊಂಡ ನಿರಶನವನ್ನು ಇಂಗ್ಲಿಷಿನಲ್ಲಿ ಹೆಸರಿಸುವಾಗ ಬಳಸುವ ಪದವೂ ಇದೇ. ಅಲ್ಲಿ ನಿರಾಹಾರವೂ ಸಂಕಲ್ಪದ ದೃಢತೆಯೂ ಒಂದೇ ಪದದಲ್ಲಿ ಕೂಡಿರುವಂತೆ ತೋರುವುದು ಆಕಸ್ಮಿಕವಾದರೂ ಚರಿತ್ರೆಗೆ ವಿರುದ್ಧವಲ್ಲ.

೩

ಮೇಲೆ ಹೇಳಿದ ಅರ್ಥಪರಿವರ್ತನೆ ಪರಭಾಷೆಯ ವೈಚಿತ್ರ್ಯವೆಂದು ನಾವು ಭಾವಿಸಬೇಕಾಗಿಲ್ಲ. ಕನ್ನಡದಲ್ಲಿಯೇ ಇದಕ್ಕೆ ಸಮಾನವಾದ ಉದಾಹರಣೆಗಳು ಹೇರಳವಾಗಿವೆ. 'ಗಟ್ಟಿ' ಎಂಬ ಪದವನ್ನು ತೆಗೆದುಕೊಳ್ಳಬಹುದು. ಗಟ್ಟಿ ಮರ, ಗಟ್ಟಿ ನೆಲ ಎನ್ನುವಲ್ಲಿ ಅದು ದೃಢತೆಯನ್ನು ಹೇಳುತ್ತದೆ. 'ಗಟ್ಟಿಯಾಗಿ ಹಿಡಿ' ಎನ್ನುವಲ್ಲಿಯೂ ಅದೇ ಅರ್ಥ. ಆದರೆ 'ಗಟ್ಟಿಯಾಗಿ ಓದು' ಎಂದು ಉಪಾಧ್ಯಾಯರು ಹೇಳಿದಾಗ ಪುಸ್ತಕವನ್ನು ಬಿಗಿಯಾಗಿ ಹಿಡಿದುಕೊಳ್ಳುವ ವಿದ್ಯಾರ್ಥಿ ಯಾವನೂ ಇಲ್ಲ, ದನಿಯನ್ನು ಏರಿಸುತ್ತಾನೆ. ದೃಢತೆ ಇಂಗ್ಲಿಷಿನಲ್ಲಿ ಓಟದ ಸಂಗದಿಂದ ವೇಗವಾದಂತೆ ಕನ್ನಡದಲ್ಲಿ ಮಾತಿನ ಸಂಗದಿಂದ ದನಿಯ ಏರಾಯಿತು.

'ಬಿರುಸು' ಇನ್ನೂ ಹತ್ತಿರದ ಸಾದೃಶ್ಯ. ಬಿರುಸಾದ ಕೂದಲು, ಬಿರುಸಾದ ನುಡಿ ಎಂಬಲ್ಲಿ ಒರಟುತನವೂ ಗಡುಸೂ ಅರ್ಥ. 'ಬಿರುಸಾಗಿ ನಡೆದನು' ಎಂಬಲ್ಲಿ ವೇಗವೇ ಅರ್ಥ. ಪಾರಸಿ ಮೂಲದ 'ಜೋರು' ಎಂಬುದಕ್ಕೆ ಮೊದಲ ಅರ್ಥ ಬಲ. ಕನ್ನಡದಲ್ಲಿ 'ಜೋರಾಗಿ ಓಡಿದ' ಎಂದರೆ ವೇಗ, 'ಜೋರಾಗಿ ಕೂಗಿದ' ಎಂದರೆ ದನಿಯ ಏರು, 'ಜೋರಾಗಿ ಮಳೆ ಬಂತು' ಎಂದರೆ ಮಳೆಯ ರಭಸ. ಸಂಸ್ಕೃತದ 'ಗಾಢ' ಎಂಬ ಪದದಲ್ಲಿ ಬಿಗಿ, ಒತ್ತು, ಆಳ ಎಂಬ ಭಾವಗಳಿವೆ. ಗಾಢಾಲಿಂಗನದಲ್ಲಿ ಬಿಗಿಯೂ ಗಾಢನಿದ್ರೆಯಲ್ಲಿ ತೀವ್ರತೆಯೂ ಪ್ರಧಾನ. ಇಂಗ್ಲಿಷಿನ 'ಫಾಸ್ಟ್ ಅಸ್ಲೀಪ್' ಎಂಬುದು ನಮ್ಮ ಗಾಢನಿದ್ರೆಯೇ, ಶೀಘ್ರನಿದ್ರೆಯಲ್ಲ. ವಿದ್ಯಾರ್ಥಿಗೆ ಈ ನುಡಿಗಟ್ಟನ್ನು ವಿವರಿಸುವಾಗ 'ಗಾಢ' ಎಂಬ ಪದವೊಂದನ್ನು ನೆನಪಿಸಿದರೆ ಉದ್ದವಾದ ವಿವರಣೆಯ ಅಗತ್ಯವೇ ಬೀಳುವುದಿಲ್ಲ.

ಹಾಗಾದರೆ ಕನ್ನಡ ವಿದ್ಯಾರ್ಥಿಗೆ 'ಫಾಸ್ಟ್' ಎಂಬುದರಲ್ಲಿ ತೊಡಕು ಏಕೆ ಬರುತ್ತದೆ? ಕನ್ನಡ ಈ ಪದವನ್ನು ಎರವಲು ಪಡೆದಾಗ ಅದರ ಇಡೀ ಚರಿತ್ರೆಯನ್ನು ಪಡೆಯಲಿಲ್ಲ; ಕೊನೆಯ ಅರ್ಥವನ್ನು ಮಾತ್ರ ಪಡೆಯಿತು. ನಮ್ಮ ಮಾತಿನ 'ಫಾಸ್ಟ್' ಕೇವಲ ವೇಗವಾಚಿ. ಈ ಮೊಟಕಾದ ಪದವನ್ನು ತಿಳಿದ ವಿದ್ಯಾರ್ಥಿ ಷೇಕ್ಸ್‌ಪಿಯರನ ಪುಟದಲ್ಲಿ ಅದೇ ಅಕ್ಷರಗಳನ್ನು ಕಂಡಾಗ, ತಾನು ಬಲ್ಲ ಪದವೇ ಎಂದು ನಂಬುತ್ತಾನೆ. ಇಲ್ಲಿ ಕೊರತೆ ಅವನ ಬುದ್ಧಿಯದಲ್ಲ; ಎರವಲಿನ ಸ್ವಭಾವದ್ದು.

೪

ಇನ್ನು ಪೂರ್ವೋಕ್ತವಾದ ಎರಡು ಅಭಿಪ್ರಾಯಗಳನ್ನು ಪರೀಕ್ಷಿಸಬಹುದು. ಎರಡನೆಯದನ್ನು ಮೊದಲು ನೋಡೋಣ. ಮೂಲಾರ್ಥವೇ ನಿಜಾರ್ಥ ಎಂಬ ವಾದಕ್ಕೆ ನಮ್ಮ ಆಲಂಕಾರಿಕರು ಬಹು ಹಿಂದೆಯೇ ಸಮಾಧಾನವನ್ನು ಹೇಳಿದ್ದಾರೆ. ಮಮ್ಮಟನು 'ಕಾವ್ಯಪ್ರಕಾಶ'ದಲ್ಲಿ 'ಕುಶಲ' ಎಂಬ ಪದವನ್ನು ರೂಢಿಲಕ್ಷಣೆಗೆ ಉದಾಹರಣೆಯಾಗಿ ಕೊಡುತ್ತಾನೆ. ದರ್ಭೆಯನ್ನು ಕೊಯ್ದು ತರುವವನು ಎಂಬುದು ಅದರ ವ್ಯುತ್ಪತ್ತಿ; ನಿಪುಣ ಎಂಬುದು ರೂಢಿಯಲ್ಲಿರುವ ಅರ್ಥ. ೧೪ನೆಯ ಶತಮಾನದ ವಿಶ್ವನಾಥನು 'ಸಾಹಿತ್ಯದರ್ಪಣ'ದಲ್ಲಿ ಇದನ್ನು ಒಪ್ಪುವುದಿಲ್ಲ. ಪದದ ವ್ಯುತ್ಪತ್ತಿಗೆ ನಿಮಿತ್ತವಾದುದು ಬೇರೆ, ಅದರ ಪ್ರವೃತ್ತಿಗೆ, ಎಂದರೆ ಪ್ರಯೋಗಕ್ಕೆ, ನಿಮಿತ್ತವಾದುದು ಬೇರೆ ಎಂಬುದು ಅವನ ಸಿದ್ಧಾಂತ. ವ್ಯುತ್ಪತ್ತಿಲಬ್ಧವಾದುದೇ ಮುಖ್ಯಾರ್ಥವೆಂದು ಹಟ ಹಿಡಿದರೆ, ಹೋಗು ಎಂಬರ್ಥದ ಧಾತುವಿನಿಂದ ಸಾಧಿತವಾದ 'ಗೋ' ಶಬ್ದವನ್ನು ಮಲಗಿರುವ ಹಸುವಿಗೆ ಅನ್ವಯಿಸುವಾಗಲೂ ಲಕ್ಷಣೆಯನ್ನು ಹೇಳಬೇಕಾಗುತ್ತದೆ ಎಂದು ಅವನು ಆಕ್ಷೇಪಿಸುತ್ತಾನೆ.

ಈ ದೃಷ್ಟಾಂತ ನಮ್ಮ ಪ್ರಕರಣಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆಂಬುದನ್ನು ನೋಡಬೇಕು. ಚಲನೆಯ ಧಾತುವಿನಿಂದ ಬಂದ ಪದ ಮಲಗಿರುವ ಹಸುವನ್ನು ಯಾವ ಬಾಧೆಯೂ ಇಲ್ಲದೆ ಹೇಳಬಲ್ಲುದಾದರೆ, ಸ್ಥಿರತೆಯ ಮೂಲದಿಂದ ಬಂದ ಪದ ಓಡುವ ಕುದುರೆಯನ್ನು ಏಕೆ ಹೇಳಬಾರದು? 'ಫಾಸ್ಟ್' ಎಂಬುದರ ವ್ಯುತ್ಪತ್ತಿನಿಮಿತ್ತ ದೃಢತೆ. ಇಂದಿನ ಪ್ರವೃತ್ತಿನಿಮಿತ್ತ ಬಹುಮಟ್ಟಿಗೆ ವೇಗ. ಇವುಗಳಲ್ಲಿ ಒಂದು ನಿಜ, ಮತ್ತೊಂದು ಅಪಾರ್ಥ ಎನ್ನುವುದು ಯುಕ್ತವಲ್ಲ. 'ಉಪವಾಸ' ಎಂಬ ನಮ್ಮ ಪದಕ್ಕೇ ಸಮೀಪದಲ್ಲಿ ವಾಸಿಸುವುದು ಎಂಬುದು ವ್ಯುತ್ಪತ್ತಿ. ಅದನ್ನೇ ನಿಜಾರ್ಥವೆಂದು ಹಿಡಿದು ಏಕಾದಶಿಯಂದು ಊಟ ಮಾಡುವವರನ್ನು ನಾವು ಕಂಡಿಲ್ಲ.

ಇಂಗ್ಲಿಷನ್ನಾಡುವ ಜನರಿಗೇ ಮೂಲಾರ್ಥ ಮರೆತುಹೋಗುತ್ತದೆಂಬುದಕ್ಕೂ ಆಧಾರವಿದೆ. ನಾಚಿಕೆಯಿಂದ ಬದ್ಧನಾದವನು ಎಂಬರ್ಥದಲ್ಲಿ ಹಿಂದೆ 'ಶೇಮ್‌ಫಾಸ್ಟ್' ಎಂಬ ಪದವಿತ್ತು. ಅದರ ಉತ್ತರಪದದ ಅರ್ಥ ಮಸುಕಾದಂತೆ, ಮುಖದಲ್ಲಿ ನಾಚಿಕೆಯುಳ್ಳವನೆಂದು ಕಲ್ಪಿಸಿಕೊಂಡು ಅದನ್ನು 'ಶೇಮ್‌ಫೇಸ್ಡ್' ಎಂದು ಮಾರ್ಪಡಿಸಿದರು. ಇಂದು ಪ್ರಚಲಿತವಾಗಿರುವುದು ಈ ಎರಡನೆಯ ರೂಪವೇ. ಆಡುವವರ ಮನಸ್ಸಿನಲ್ಲಿ ಇಲ್ಲದ ವ್ಯುತ್ಪತ್ತಿ ಅವರ ಮಾತಿನ ಅರ್ಥವನ್ನು ಆಳಲಾರದು.

ಇನ್ನು ವಿರುದ್ಧಾರ್ಥದ ವಾದ. ಎರಡು ಅರ್ಥಗಳು ನಿಜವಾಗಿ ವಿರೋಧಿಸಬೇಕಾದರೆ ಅವು ಒಂದೇ ಸ್ಥಾನಕ್ಕೆ ಸ್ಪರ್ಧಿಸಬೇಕು. ಇಲ್ಲಿ ಅಂಥ ಸ್ಪರ್ಧೆ ಇಲ್ಲ. ನಿಲ್ಲು ಎಂಬ ಕ್ರಿಯೆಗೆ ವೇಗವಿಲ್ಲದುದರಿಂದ 'ಸ್ಟ್ಯಾಂಡ್ ಫಾಸ್ಟ್' ಎಂಬಲ್ಲಿ ದೃಢತೆಯೊಂದೇ ಸಾಧ್ಯ. ಓಡು ಎಂಬುದಕ್ಕೆ ಅಚಲತೆ ಹೊಂದದುದರಿಂದ 'ರನ್ ಫಾಸ್ಟ್' ಎಂಬಲ್ಲಿ ವೇಗವೊಂದೇ ಸಾಧ್ಯ. ನಾನಾರ್ಥವುಳ್ಳ ಶಬ್ದದ ಅರ್ಥವನ್ನು ನಿಯಮಿಸುವ ಸಂಯೋಗ, ವಿಪ್ರಯೋಗ, ಸಾಹಚರ್ಯ, ವಿರೋಧ, ಪ್ರಕರಣ, ಅನ್ಯಶಬ್ದಸನ್ನಿಧಿ ಮೊದಲಾದುವನ್ನು ಭರ್ತೃಹರಿ 'ವಾಕ್ಯಪದೀಯ'ದಲ್ಲಿ ಎಣಿಸಿದ್ದಾನೆ. ಆಲಂಕಾರಿಕರು ಅದನ್ನೇ ಅನುಸರಿಸಿದ್ದಾರೆ. 'ಸೈಂಧವವನ್ನು ತಾ' ಎಂದು ಊಟಕ್ಕೆ ಕುಳಿತವನು ಹೇಳಿದರೆ ಉಪ್ಪು, ಪ್ರಯಾಣಕ್ಕೆ ಹೊರಟವನು ಹೇಳಿದರೆ ಕುದುರೆ ಎಂಬುದು ಶಾಸ್ತ್ರದಲ್ಲಿ ಪ್ರಸಿದ್ಧವಾದ ಉದಾಹರಣೆ. 'ಫಾಸ್ಟ್' ಎಂಬುದೂ ಇಂಥ ಒಂದು ಸೈಂಧವ.

ಸಹಚರ ಪದಗಳು ಸಾಕಷ್ಟು ಇಲ್ಲದಾಗ ಸಂದಿಗ್ಧತೆ ಉಂಟಾಗುವುದನ್ನು ನಾವು ಅಲ್ಲಗಳೆಯುವುದಿಲ್ಲ. 'ಹಿ ಮೇಡ್ ಇಟ್ ಫಾಸ್ಟ್' ಎಂಬ ವಾಕ್ಯವನ್ನು ಒಂಟಿಯಾಗಿ ಕೊಟ್ಟರೆ, 'ಅದನ್ನು ಭದ್ರವಾಗಿ ಕಟ್ಟಿದನು' ಎಂದೂ 'ಅದನ್ನು ಬೇಗ ಮಾಡಿದನು' ಎಂದೂ ಅರ್ಥ ಮಾಡಬಹುದು. ಹಡಗಿನ ಹಗ್ಗದ ಪ್ರಸ್ತಾಪವಿದ್ದರೆ ಮೊದಲನೆಯದು, ಅಡುಗೆಯ ಪ್ರಸ್ತಾಪವಿದ್ದರೆ ಎರಡನೆಯದು. ಈ ಅಪವಾದವೂ ನಮ್ಮ ಸಿದ್ಧಾಂತವನ್ನೇ ಬಲಪಡಿಸುತ್ತದೆ: ಸಂದೇಹ ಹುಟ್ಟುವುದು ಸಹಚರರಿಲ್ಲದೆಡೆಯಲ್ಲಿ, ಸಹಚರರು ಬಂದ ಕೂಡಲೇ ಅದು ಪರಿಹಾರವಾಗುತ್ತದೆ.

ಶಾಸ್ತ್ರಗ್ರಂಥಗಳಲ್ಲಿ ಈ ಎಚ್ಚರಿಕೆ ಇನ್ನೂ ಅಗತ್ಯ. ಕ್ಷಯರೋಗದ ದಂಡಾಣುವನ್ನು ರಾಬರ್ಟ್ ಕಾಕ್ ೧೮೮೨ರಲ್ಲಿ ಪ್ರಕಟಪಡಿಸಿದನು. ಬಣ್ಣ ಹಾಕಿದ ಬಳಿಕ ಆಮ್ಲದಿಂದ ತೊಳೆದರೂ ಆ ದಂಡಾಣುಗಳು ಬಣ್ಣವನ್ನು ಬಿಡುವುದಿಲ್ಲವೆಂಬುದನ್ನು ಪಾಲ್ ಎರ್ಲಿಕ್ ಅದೇ ವರ್ಷ ಕಂಡುಹಿಡಿದನು. ಇಂಥ ದಂಡಾಣುಗಳಿಗೆ ವೈದ್ಯರು 'ಆಸಿಡ್-ಫಾಸ್ಟ್' ಎನ್ನುತ್ತಾರೆ. ಆಮ್ಲಕ್ಕೆ ಬಗ್ಗದೆ ಬಣ್ಣವನ್ನು ಬಿಗಿಯಾಗಿ ಹಿಡಿದಿರುವುದು ಎಂಬುದು ಇದರ ಅರ್ಥ. ಬಟ್ಟೆಯ ಅಂಗಡಿಯಲ್ಲಿ 'ಫಾಸ್ಟ್ ಕಲರ್' ಎಂದರೆ ಒಗೆದರೂ ಹೋಗದ ಬಣ್ಣವೆಂದು ತಿಳಿಯುವ ಓದುಗನೇ, ವೈದ್ಯಗ್ರಂಥದಲ್ಲಿ ಈ ಪದವನ್ನು ಕಂಡು ಆಮ್ಲದಲ್ಲಿ ವೇಗವಾಗಿ ಬೆಳೆಯುವ ದಂಡಾಣುವೆಂದು ಭಾವಿಸುವುದು ಅಸಂಭವವಲ್ಲ. ಭಾಷಾಂತರಕಾರನು ಇಲ್ಲಿ 'ದೃಢ' ಎಂಬುದನ್ನು ಹಿಡಿಯಬೇಕೇ ಹೊರತು 'ವೇಗ'ವನ್ನಲ್ಲ.

ಸಹಚರ ಪದ ಅಡಗಿರುವ ಪ್ರಯೋಗವೂ ಉಂಟು. ಕಲ್ಪಾಕ್ಕಂನಲ್ಲಿ ೧೯೮೫ರಲ್ಲಿ ಕಾರ್ಯಾರಂಭ ಮಾಡಿದ ಪರಮಾಣು ಸ್ಥಾವರದ ಹೆಸರು 'ಫಾಸ್ಟ್ ಬ್ರೀಡರ್ ಟೆಸ್ಟ್ ರಿಯಾಕ್ಟರ್'. ಇಂಧನವನ್ನು ವೇಗವಾಗಿ ಉತ್ಪಾದಿಸುವ ಸ್ಥಾವರವೆಂದು ಅನೇಕರು ಇದನ್ನು ಅರ್ಥೈಸುತ್ತಾರೆ. ವಾಸ್ತವವಾಗಿ ವೇಗ ಇಲ್ಲಿ ನ್ಯೂಟ್ರಾನುಗಳದು. ಇತರ ಹಲವು ಸ್ಥಾವರಗಳಲ್ಲಿ ನ್ಯೂಟ್ರಾನುಗಳ ವೇಗವನ್ನು ಮಂದಕಗಳಿಂದ ತಗ್ಗಿಸುತ್ತಾರೆ. ಇದರಲ್ಲಿ ಹಾಗೆ ತಗ್ಗಿಸುವುದಿಲ್ಲ. ವಿಶೇಷ್ಯ ಹೆಸರಿನಲ್ಲಿ ಕಾಣಿಸದೆ ವಿಶೇಷಣ ಮಾತ್ರ ಕಾಣಿಸಿದ್ದರಿಂದ ಈ ಭ್ರಾಂತಿ. ಪದದ ಅರ್ಥ ಗೊತ್ತಿದ್ದರೂ ಅದು ಯಾವುದಕ್ಕೆ ಅನ್ವಯಿಸುತ್ತದೆಂಬುದು ಗೊತ್ತಿಲ್ಲದಿದ್ದರೆ ವಾಕ್ಯಾರ್ಥ ಸಿದ್ಧಿಸುವುದಿಲ್ಲ.

೫

ವೇಗದ ಅರ್ಥವೊಂದನ್ನೇ ತೆಗೆದುಕೊಂಡರೂ ಪ್ರಯೋಗಸೂಕ್ಷ್ಮಗಳು ಕಡಮೆಯಿಲ್ಲ. 'ಫಾಸ್ಟ್', 'ಕ್ವಿಕ್', 'ರ‍್ಯಾಪಿಡ್' ಎಂಬುವು ನಿಘಂಟಿನಲ್ಲಿ ಸಮಾನಾರ್ಥಕಗಳಂತೆ ಕಂಡರೂ ಒಂದರ ಸ್ಥಾನದಲ್ಲಿ ಮತ್ತೊಂದು ನಿಲ್ಲುವುದಿಲ್ಲ. ಚಲಿಸುವ ವಸ್ತುವಿನ ವೇಗಗುಣಕ್ಕೆ 'ಫಾಸ್ಟ್' ಸಲ್ಲುತ್ತದೆ: ವೇಗದ ರೈಲು, ವೇಗದ ಬೌಲರ್. ಅಲ್ಪಕಾಲದಲ್ಲಿ ಮುಗಿಯುವ ಕ್ರಿಯೆಗೆ 'ಕ್ವಿಕ್' ಸಲ್ಲುತ್ತದೆ: ಕ್ಷಣಕಾಲದ ನೋಟ, ತಡವಿಲ್ಲದ ಉತ್ತರ. ಬೆಳವಣಿಗೆ, ಬದಲಾವಣೆ ಮೊದಲಾದ ಪರಿಣಾಮಗಳಿಗೆ 'ರ‍್ಯಾಪಿಡ್' ಒಪ್ಪುತ್ತದೆ. ಇವುಗಳಲ್ಲಿ 'ಕ್ವಿಕ್' ಎಂಬುದೂ ಮೊದಲು ವೇಗವಾಚಿಯಲ್ಲ. ಜೀವಂತ ಎಂಬುದೇ ಅದರ ಹಿಂದಿನ ಅರ್ಥ. ನಮ್ಮ 'ಜೀವ' ಶಬ್ದಕ್ಕೂ ಅದಕ್ಕೂ ಮೂಲ ಒಂದೇ. ಪಾದರಸಕ್ಕೆ ಇಂಗ್ಲಿಷಿನಲ್ಲಿ 'ಜೀವಂತ ಬೆಳ್ಳಿ' ಎಂಬರ್ಥದ ಹೆಸರು ಬಂದುದು ಈ ಕಾರಣದಿಂದಲೇ. 'ಸ್ಪೀಡ್' ಎಂಬುದಕ್ಕಾದರೋ ಹಿಂದೆ ಯಶಸ್ಸು, ಅಭ್ಯುದಯ ಎಂಬ ಅರ್ಥವಿತ್ತು. ದೃಢತೆ, ಜೀವ, ಯಶಸ್ಸು ಎಂಬ ಮೂರು ಬೇರೆ ಬೇರೆ ಭಾವಗಳಿಂದ ಹೊರಟ ಮೂರು ಪದಗಳು ವೇಗದಲ್ಲಿ ಬಂದು ಸೇರಿವೆ.

ಕನ್ನಡದಲ್ಲಿ ಇದರ ವಿಪರ್ಯಯವನ್ನು ಕಾಣುತ್ತೇವೆ. ಒಂದೇ ಪದ ಎರಡಾಗಿದೆ. 'ವೇಗ' ತತ್ಸಮ, 'ಬೇಗ' ಅದರ ತದ್ಭವ. ಆದರೆ 'ವೇಗವಾಗಿ ಬಂದನು' ಎಂದರೆ ಗತಿಯ ವಿಚಾರ. 'ಬೇಗ ಬಂದನು' ಎಂದರೆ ಕಾಲದ ವಿಚಾರ. ಮೆಲ್ಲಗೆ ನಡೆದವನೂ ಮುಂಚೆ ಹೊರಟಿದ್ದರೆ ಬೇಗ ಬರಬಹುದು. 'ಬೇಗ ಎದ್ದನು' ಎಂಬುದನ್ನು ಇಂಗ್ಲಿಷಿಗೆ ತರುವಾಗ 'ಫಾಸ್ಟ್' ಎಂದು ಬರೆಯುವ ವಿದ್ಯಾರ್ಥಿ ಕಾಲದ ಪದದ ಸ್ಥಾನದಲ್ಲಿ ಗತಿಯ ಪದವನ್ನು ಇಟ್ಟಿರುತ್ತಾನೆ. ಭೌತಶಾಸ್ತ್ರದ ಕನ್ನಡ ಪಠ್ಯಗಳು ದಿಕ್ಕನ್ನು ಗಣಿಸದ ಪರಿಮಾಣಕ್ಕೆ 'ಜವ' ಎಂದೂ ದಿಕ್ಕನ್ನು ಗಣಿಸುವ ಪರಿಮಾಣಕ್ಕೆ 'ವೇಗ' ಎಂದೂ ಹೆಸರಿಟ್ಟಿವೆ. ಲೋಕದಲ್ಲಿ ಸಮಾನಾರ್ಥಕಗಳಾದ ಎರಡು ಪದಗಳಿಗೆ ಶಾಸ್ತ್ರ ಹೀಗೆ ಬೇರೆ ಬೇರೆ ಪ್ರವೃತ್ತಿನಿಮಿತ್ತಗಳನ್ನು ವಿಧಿಸಬಲ್ಲುದು.

ಗಡಿಯಾರದ ವಿಷಯದಲ್ಲಿ 'ಫಾಸ್ಟ್' ಎಂದರೆ 'ಮುಂದಿದೆ' ಎಂದರ್ಥ. ಐದು ನಿಮಿಷ ಮುಂದಿರುವ ಗಡಿಯಾರ ಈಗ ಸರಿಯಾದ ಗತಿಯಲ್ಲಿಯೇ ನಡೆಯುತ್ತಿರಬಹುದು. ಅಲ್ಲಿ ಪದ ಹೇಳುವುದು ಮುಳ್ಳಿನ ಸ್ಥಾನವನ್ನು, ಗತಿಯನ್ನಲ್ಲ. ಛಾಯಾಗ್ರಾಹಕರ 'ಫಾಸ್ಟ್ ಫಿಲ್ಮ್' ಎಲ್ಲಿಗೂ ಓಡುವುದಿಲ್ಲ. ಕಡಮೆ ಬೆಳಕಿನಲ್ಲಿ, ಕಡಮೆ ಅವಧಿಯಲ್ಲಿ ಚಿತ್ರವನ್ನು ಗ್ರಹಿಸುತ್ತದೆ. ೧೯ನೆಯ ಶತಮಾನದ ಕಾದಂಬರಿಗಳಲ್ಲಿ ಒಬ್ಬ ತರುಣನನ್ನು 'ಫಾಸ್ಟ್' ಎಂದು ವರ್ಣಿಸಿದ್ದರೆ ಅವನು ಸಂಯಮವಿಲ್ಲದ ಭೋಗಜೀವಿ ಎಂದು ತಿಳಿಯಬೇಕು. ನಮ್ಮ ಕಚೇರಿಗಳ ಇಂಗ್ಲಿಷಿಗೆ ಪ್ರಿಯವಾದ 'ಹಾರ್ಡ್ ಅಂಡ್ ಫಾಸ್ಟ್ ರೂಲ್' ಎಂಬುದಾದರೋ ವೇಗದ ನಿಯಮವಲ್ಲ, ಸಡಿಲಿಸಲಾಗದ ನಿಯಮ. ನೆಲಕಚ್ಚಿ ಕದಲದಿರುವ ಹಡಗನ್ನು ಕುರಿತ ನಾವಿಕರ ಮಾತಿನಿಂದ ಬಂದುದು.

'ಫಾಸ್ಟ್‌ಲಿ' ಎಂಬ ರೂಪವನ್ನು ಕುರಿತು ಒಂದು ಮಾತು. ನಮ್ಮ ವಿದ್ಯಾರ್ಥಿಗಳ ಉತ್ತರಗಳಲ್ಲಿ ಇದು ಪದೇ ಪದೇ ಕಾಣುತ್ತದೆ. ಇಂದಿನ ಶಿಷ್ಟ ಇಂಗ್ಲಿಷಿನಲ್ಲಿ ಇದು ಅಸಾಧು ಎಂ ಬುದರಲ್ಲಿ ಸಂಶಯವಿಲ್ಲ. ಆದರೆ ತಪ್ಪಿನ ಕಾರಣವನ್ನು ತಿಳಿಯದೆ ಕೆಂಪು ಗೆರೆಯನ್ನು ಎಳೆಯುವುದರಿಂದ ಪ್ರಯೋಜನವಿಲ್ಲ. ಕನ್ನಡದಲ್ಲಿ 'ಆಗಿ' ಎಂಬುದನ್ನು ಸೇರಿಸಿ ಕ್ರಿಯಾವಿಶೇಷಣವನ್ನು ಸಾಧಿಸುತ್ತೇವೆ: ವೇಗ, ವೇಗವಾಗಿ, ಫಾಸ್ಟ್, ಫಾಸ್ಟಾಗಿ. ಇಂಗ್ಲಿಷಿನಲ್ಲಿಯೂ 'ಕ್ವಿಕ್‌ಲಿ', 'ಸ್ಲೋಲಿ' ಎಂಬ ರೂಪಗಳಿವೆ. ಹೀಗಿರುವಾಗ 'ಫಾಸ್ಟ್‌ಲಿ' ಎಂದು ಊಹಿಸುವುದು ತರ್ಕದ ದೃಷ್ಟಿಯಿಂದ ಸಹಜವೇ. ಪ್ರಾಚೀನ ಇಂಗ್ಲಿಷಿನ ಕ್ರಿಯಾವಿಶೇಷಣದ ಅಂತ್ಯದಲ್ಲಿದ್ದ ಎಕಾರ ಕಾಲಕ್ರಮದಲ್ಲಿ ಲೋಪವಾಗಿ ವಿಶೇಷಣವೂ ಕ್ರಿಯಾವಿಶೇಷಣವೂ ಏಕರೂಪವಾದುವೆಂಬ ಚರಿತ್ರೆಯನ್ನು ಎರಡು ವಾಕ್ಯಗಳಲ್ಲಿ ಹೇಳಿದರೆ ವಿದ್ಯಾರ್ಥಿ ಅದನ್ನು ಮರೆಯಲಾರನು. 'ಫಾಸ್ಟ್‌ಲಿ' ಎಂಬ ರೂಪವೂ ಹಿಂದೆ ಇತ್ತು. ದೃಢವಾಗಿ ಎಂಬುದು ಅದರ ಅರ್ಥವಾಗಿತ್ತು, ಈಗ ಬಳಕೆ ತಪ್ಪಿದೆ. ವ್ಯುತ್ಪತ್ತಿಜ್ಞಾನಕ್ಕೆ ಅರ್ಥವನ್ನು ಶಾಸಿಸುವ ಅಧಿಕಾರವಿಲ್ಲವೆಂದು ಹೇಳಿದ ನಾವು, ಅದು ನಿರುಪಯುಕ್ತವೆಂದು ಹೇಳುತ್ತಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಆಳುವುದು ಪ್ರಯೋಗ, ಬೆಳಕು ತೋರುವುದು ಚರಿತ್ರೆ.

೬

ಮೇಲಿನ ವಿವೇಚನೆಯಿಂದ ಬೋಧನೆಗೂ ನಿಘಂಟುರಚನೆಗೂ ಅನ್ವಯಿಸುವ ಕೆಲವು ನಿರ್ಣಯಗಳನ್ನು ಪಡೆಯಬಹುದು. ೧೮೮೪ರಿಂದ ೧೯೨೮ರವರೆಗೆ ಸಂಚಿಕೆಗಳಾಗಿ ಹೊರಬಂದು ಪೂರ್ಣಗೊಂಡ ಆಕ್ಸ್‌ಫರ್ಡ್ ನಿಘಂಟು ಅರ್ಥಗಳನ್ನು ಚರಿತ್ರೆಯ ಕ್ರಮದಲ್ಲಿ ಜೋಡಿಸಿ, ಪ್ರತಿಯೊಂದಕ್ಕೂ ಪ್ರಯೋಗಗಳನ್ನು ಕೊಡುತ್ತದೆ. ಹಳೆಯ ಸಾಹಿತ್ಯವನ್ನು ಓದುವವನಿಗೆ ಇದಕ್ಕಿಂತ ಯುಕ್ತವಾದ ಕ್ರಮವಿಲ್ಲ. ಆದರೆ ಚಿಕ್ಕ ದ್ವಿಭಾಷಾ ನಿಘಂಟುಗಳಲ್ಲಿ ದೃಢ, ಸ್ಥಿರ, ವೇಗದ, ಶೀಘ್ರ ಎಂದು ಅರ್ಥಗಳನ್ನು ಅಲ್ಪವಿರಾಮಗಳಿಂದ ಮಾತ್ರ ಬೇರ್ಪಡಿಸಿ ಸಾಲಾಗಿ ಕೊಡುವ ಪದ್ಧತಿಯಿದೆ. ಇದರಿಂದ ಚರಿತ್ರೆಯೂ ತಿಳಿಯುವುದಿಲ್ಲ, ಪ್ರಯೋಗವೂ ತಿಳಿಯುವುದಿಲ್ಲ. ವಿರುದ್ಧಾರ್ಥದ ಭ್ರಾಂತಿಗೆ ಈ ಪದ್ಧತಿಯೇ ಬಹುಮಟ್ಟಿಗೆ ಕಾರಣ. ಕಟ್ಟು, ಹಿಡಿ, ನಿಲ್ಲು ಎಂಬುವುಗಳೊಡನೆ ಬಿಗಿಯಾಗಿ; ಓಡು, ಚಲಿಸು ಎಂಬುವುಗಳೊಡನೆ ವೇಗವಾಗಿ; ನಿದ್ರೆಯೊಡನೆ ಗಾಢವಾಗಿ; ಬಣ್ಣದೊಡನೆ ಬಿಡದ; ಗಡಿಯಾರದೊಡನೆ ಮುಂದಿರುವ; ಹೀಗೆ ಸಹಚರ ಪದಗಳೊಡನೆ ಅರ್ಥವನ್ನು ಕೊಟ್ಟರೆ ನಾಲ್ಕಾರು ಪದಗಳ ಸ್ಥಳ ಹೆಚ್ಚಾಗಬಹುದು; ಆದರೆ ವಿದ್ಯಾರ್ಥಿಯ ಸಂದೇಹ ಅಲ್ಲಿಯೇ ಪರಿಹಾರವಾಗುತ್ತದೆ.

ಪ್ರಶ್ನಪತ್ರಿಕೆಗಳಲ್ಲಿ ಬಿಡಿ ಪದವನ್ನು ಕೊಟ್ಟು ಅರ್ಥವನ್ನು ಬರೆಯಿರೆಂದು ಕೇಳುವ ಪದ್ಧತಿಯನ್ನೂ ನಾವು ಪುನರಾಲೋಚಿಸಬೇಕು. 'ಫಾಸ್ಟ್' ಎಂಬುದಕ್ಕೆ 'ದೃಢ' ಎಂದು ಬರೆದವನಿಗೆ ಅಂಕ ದೊರೆತು 'ವೇಗದ' ಎಂದು ಬರೆದವನಿಗೆ ದೊರೆಯದಿದ್ದರೆ ಅದು ನ್ಯಾಯವಲ್ಲ. ಇದು ವಿಪರ್ಯಯವಾದರೂ ನ್ಯಾಯವಲ್ಲ. ವಾಕ್ಯದಿಂದ ಕಿತ್ತ ಪದಕ್ಕೆ ಅರ್ಥದ ಯೋಗ್ಯತೆ ಮಾತ್ರ ಇರುತ್ತದೆ, ನಿರ್ಣೀತವಾದ ಅರ್ಥ ಇರುವುದಿಲ್ಲ. ಇಲ್ಲದುದನ್ನು ವಿದ್ಯಾರ್ಥಿಯಿಂದ ಕೇಳುವುದು ಪರೀಕ್ಷೆಯಾಗಲಾರದು. ವಾಕ್ಯವನ್ನು ಕೊಟ್ಟು, ಅಲ್ಲಿ ಆ ಅರ್ಥವನ್ನು ನಿಶ್ಚಯಿಸಿದ ಸಹಚರ ಪದ ಯಾವುದೆಂದು ಕೇಳಿದರೆ ಅವನ ಓದುವ ಶಕ್ತಿ ಪರೀಕ್ಷಿತವಾಗುತ್ತದೆ.

ಕೊನೆಯದಾಗಿ ಹೇಳಬೇಕಾದುದು ಅಧ್ಯಾಪಕರ ಸಿದ್ಧತೆಯನ್ನು ಕುರಿತು. ಪಾಠದಲ್ಲಿ ಬರುವ ಕಠಿನ ಪದಗಳ ಪಟ್ಟಿಯನ್ನು ಮಾಡಿಕೊಂಡು ತರಗತಿಗೆ ಹೋಗುವುದು ನಮ್ಮ ವಾಡಿಕೆ. ಆ ಪಟ್ಟಿಯ ಜೊತೆಗೆ ಅದೇ ಪಾಠದ ಸುಲಭ ಪದಗಳಲ್ಲಿ ಯಾವುವು ಇಲ್ಲಿ ತಮ್ಮ ಎಂದಿನ ಅರ್ಥದಲ್ಲಿ ಇಲ್ಲವೆಂಬುದರ ಇನ್ನೊಂದು ಪಟ್ಟಿಯನ್ನೂ ಮಾಡಿಕೊಳ್ಳುವುದು ಅವಶ್ಯಕ. ಕಠಿನ ಪದವನ್ನು ವಿದ್ಯಾರ್ಥಿ ತಾನೇ ಕೇಳಿ ತಿಳಿಯುತ್ತಾನೆ. ಷೈಲಾಕನ ಗಾದೆಯಲ್ಲಿರುವ ಆ ನಾಲ್ಕು ಅಕ್ಷರಗಳ ಪದವನ್ನು ಕುರಿತು ಅವನು ಎಂದಿಗೂ ಕೇಳುವುದಿಲ್ಲ, ನಾವಾಗಿಯೇ ಹೇಳಬೇಕು.